ಹಾರ್ನ್‌ಸೀಯ 737 ಮೆಗಾವ್ಯಾಟ್ ಕ್ಷಣದಲ್ಲಿ ಹೋದದ್ದು ಹೇಗೆ? ಕಡಲ ಗಾಳಿ ವಿದ್ಯುತ್ತನ್ನು ಗ್ರಿಡ್‌ಗೆ ಜೋಡಿಸುವ ಬಗ್ಗೆ

ತೆಂಕಣಗಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 2019ರ ಆಗಸ್ಟ್ 9ರ ಸಂಜೆ ಬ್ರಿಟನ್ನಿನಲ್ಲಿ ಹನ್ನೊಂದು ಲಕ್ಷ ಗ್ರಾಹಕರಿಗೆ ಕರೆಂಟು ಹೋದ ಘಟನೆಯ ವರದಿಗಳನ್ನು ಓದುತ್ತಿದ್ದೇನೆ. ಸಿಡಿಲು ಬಡಿದದ್ದು ಈಟನ್ ಸೋಕನ್–ವೈಮಂಡ್ಲಿ 400 ಕೆವಿ ಲೈನಿಗೆ. ಲೈನಿನ ರಿಲೇಗಳು (ದೋಷ ಕಂಡ ಕೂಡಲೇ ಲೈನನ್ನು ಕಳಚಿಸುವ ರಕ್ಷಣಾ ಸಾಧನಗಳು) ಸರಿಯಾಗಿಯೇ ಕೆಲಸ ಮಾಡಿವೆ, 0.1 ಸೆಕೆಂಡ್ ಆಗುವ ಮೊದಲೇ ಫಾಲ್ಟ್, ಅಂದರೆ ಶಾರ್ಟ್ ಸರ್ಕ್ಯೂಟ್, ಹೋಗಿದೆ. ಹಾಗಿದ್ದೂ ಬಹುದೂರದ ಹಾರ್ನ್‌ಸೀ ಒನ್ ಕಡಲ ಗಾಳಿ ಸ್ಥಾವರ 799 ಮೆಗಾವ್ಯಾಟ್‌ನಿಂದ 62ಕ್ಕೆ ಕುಸಿದಿದೆ.

ನನ್ನ ಪ್ರಶ್ನೆಗಳು ಇವು. ವೋಲ್ಟೇಜ್ ಕುಸಿದರೂ ಗ್ರಿಡ್ ಬಿಡದೆ ನಿಲ್ಲುವ ಸಾಮರ್ಥ್ಯ, ಅಂದರೆ ಎಲ್‌ವಿಆರ್‌ಟಿ, ಇದ್ದ ಯಂತ್ರಗಳು ಏಕೆ ಕೈಕೊಟ್ಟವು? ಕಡಲಿನಿಂದ ದಡಕ್ಕೆ ಎಸಿ ಕೇಬಲ್ ಸಾಕೇ, ಡಿಸಿ ಬೇಕೇ, ಇದನ್ನು ಯಾವ ಲೆಕ್ಕದಿಂದ ತೀರ್ಮಾನಿಸುತ್ತಾರೆ? ತಮಿಳುನಾಡಿನ ಕರಾವಳಿಗೆ ಕೇಂದ್ರ ಸರ್ಕಾರ 2024ರಲ್ಲಿ ಒಪ್ಪಿದ 500 ಮೆಗಾವ್ಯಾಟ್ ಯೋಜನೆಗೆ ಇದರಿಂದ ಏನು ತಿಳಿಯಬೇಕು? ಆ ವಿದ್ಯುತ್ತನ್ನು ನಾಳೆ ನೋಡಿಕೊಳ್ಳಬೇಕಾದ ದಕ್ಷಿಣ ವಲಯದ ಲೋಡ್ ಡಿಸ್ಪ್ಯಾಚ್ ಕೇಂದ್ರ (ಗ್ರಿಡ್ಡನ್ನು ಕ್ಷಣಕ್ಷಣಕ್ಕೂ ನಡೆಸುವ ನಿಯಂತ್ರಣ ಕೊಠಡಿ) ಇರುವುದು ನಮ್ಮ ಬೆಂಗಳೂರಿನಲ್ಲೇ. ಹಾಗಾಗಿ ಇದು ದೂರದವರ ವಿಷಯ ಅನ್ನಿಸುತ್ತಿಲ್ಲ.

---

ರಿಲೇಕೋಣೆ ಉತ್ತರಿಸಿದ್ದು:

ಮೊದಲು ಆ ದಿನದ ಲೆಕ್ಕವನ್ನು ಸಾಲಾಗಿ ಇಟ್ಟುಕೊಳ್ಳೋಣ. ಹಾರ್ನ್‌ಸೀ ಒಂದೇ ಹೋಗಿದ್ದರೆ ಯಾರ ಮನೆಯ ದೀಪವೂ ಆರುತ್ತಿರಲಿಲ್ಲ.

ಸಮಯ 16:52:33. ಸಿಡಿಲಿನಿಂದ ವೋಲ್ಟೇಜಿನ ಫೇಸ್ ಕೋನ ಜಿಗಿದು, ವಿತರಣಾ ಜಾಲದಲ್ಲಿದ್ದ ಸಣ್ಣ ಉತ್ಪಾದಕಗಳಲ್ಲಿ ಸುಮಾರು 150 ಮೆಗಾವ್ಯಾಟ್ ಕಳಚಿಕೊಂಡಿತು. ಹಾರ್ನ್‌ಸೀಯಿಂದ 737 ಹೋಯಿತು. ಲಿಟಲ್ ಬಾರ್‌ಫರ್ಡ್ ಗ್ಯಾಸ್ ಸ್ಥಾವರದ ಸ್ಟೀಮ್ ಟರ್ಬೈನ್ 244 ಮೆಗಾವ್ಯಾಟ್‌ನೊಂದಿಗೆ ಟ್ರಿಪ್ ಆಯಿತು. ಕೂಡಿದರೆ 1131. ಆಗ ಗ್ರಿಡ್‌ನಲ್ಲಿ ತಿರುಗುತ್ತಿದ್ದ ಯಂತ್ರಗಳ ಜಡತ್ವ (ತಿರುಗಾಟದಲ್ಲಿ ಕೂಡಿಟ್ಟ ಶಕ್ತಿ) ಸುಮಾರು 210 ಗಿಗಾವಿಎ-ಸೆಕೆಂಡ್. ಫ್ರೀಕ್ವೆನ್ಸಿ ಇಳಿಯುವ ವೇಗ = ನಷ್ಟ × 50 ÷ (2 × ಜಡತ್ವ). 1.131 × 50 ÷ 420 ಅಂದರೆ ಸೆಕೆಂಡಿಗೆ 0.135 ಹರ್ಟ್ಸ್. ಹಳೆಯ ಸಣ್ಣ ಉತ್ಪಾದಕಗಳ ರಿಲೇ ಕೂರಿಸಿದ್ದು 0.125ಕ್ಕೆ. ಗಡಿ ದಾಟಿತು, ಇನ್ನೂ ಸುಮಾರು 350 ಮೆಗಾವ್ಯಾಟ್ ಹೋಯಿತು. ಆಪರೇಟರ್ ಇಟ್ಟುಕೊಂಡಿದ್ದ ಮೀಸಲು ಸುಮಾರು 1000 ಮೆಗಾವ್ಯಾಟ್ ನಷ್ಟವನ್ನು ತಾಳುವಷ್ಟು ಮಾತ್ರ. ಫ್ರೀಕ್ವೆನ್ಸಿ 49.1ಕ್ಕೆ ಇಳಿದು, ಮೆಲ್ಲಗೆ ಮೇಲೇಳುತ್ತಿದ್ದಾಗ ಲಿಟಲ್ ಬಾರ್‌ಫರ್ಡ್‌ನ ಗ್ಯಾಸ್ ಟರ್ಬೈನ್ ಒಂದು 210 ಮೆಗಾವ್ಯಾಟ್‌ನೊಂದಿಗೆ ನಿಂತಿತು. 48.8 ಹರ್ಟ್ಸ್ ಮುಟ್ಟಿದ ಕೂಡಲೇ ಸ್ವಯಂಚಾಲಿತ ಲೋಡ್ ಶೆಡ್ಡಿಂಗ್‌ನ ಮೊದಲ ಹಂತ ಕೆಲಸ ಮಾಡಿತು.

ಈಗ ಹಾರ್ನ್‌ಸೀ. ಎಲ್‌ವಿಆರ್‌ಟಿ ಎಂಬುದು ವೋಲ್ಟೇಜ್ ಮತ್ತು ಸಮಯದ ಒಂದು ಗೆರೆ. ಭಾರತದ ನಿಯಮದಲ್ಲಿ ವೋಲ್ಟೇಜ್ ಶೇ. 15ಕ್ಕೆ ಕುಸಿದರೂ 300 ಮಿಲಿಸೆಕೆಂಡ್ ನಿಲ್ಲಬೇಕು, ಆಮೇಲೆ 3 ಸೆಕೆಂಡಿನಲ್ಲಿ ಶೇ. 85ಕ್ಕೆ ಏರುವ ಗೆರೆಯ ಮೇಲಿರುವವರೆಗೂ ಗ್ರಿಡ್ ಬಿಡಬಾರದು. ಬ್ರಿಟನ್ನಿನದೂ ಇದೇ ಜಾತಿಯ ಗೆರೆ. ಆಗಸ್ಟ್ 9ರಂದು ಹಾರ್ನ್‌ಸೀಯ 400 ಕೆವಿ ಬಸ್‌ನಲ್ಲಿ (ಲೈನುಗಳು ಬಂದು ಸೇರುವ ಸಬ್‌ಸ್ಟೇಷನ್ ಕೂಡುಬಿಂದು) ಕಂಡ ಕುಸಿತ ಆ ಗೆರೆಯ ಒಳಗೇ ಇತ್ತು. ಸ್ಥಾವರ ಬಿದ್ದದ್ದು ಕುಸಿತದ ಆಳಕ್ಕಲ್ಲ, ಅದರ ನಂತರ ಎದ್ದ ತೂಗಾಟಕ್ಕೆ.

ಗಾಳಿಯಂತ್ರದ ಕನ್ವರ್ಟರ್, ಅಂದರೆ ಅದರ ವಿದ್ಯುತ್ತನ್ನು ಗ್ರಿಡ್‌ಗೆ ಹೊಂದಿಸಿ ಕೊಡುವ ಎಲೆಕ್ಟ್ರಾನಿಕ್ ಸಾಧನ, ವೋಲ್ಟೇಜ್ ಇಳಿದದ್ದನ್ನು ನೋಡಿ ರಿಯಾಕ್ಟಿವ್ ಕರೆಂಟ್ (ಕೆಲಸ ಮಾಡದೆ ವೋಲ್ಟೇಜನ್ನು ಎತ್ತಿಹಿಡಿಯುವ ಕರೆಂಟ್) ತಳ್ಳುತ್ತದೆ. ಗ್ರಿಡ್ ಬಲವಾಗಿದ್ದರೆ ಆ ತಳ್ಳುವಿಕೆಯಿಂದ ವೋಲ್ಟೇಜ್ ಅಷ್ಟಾಗಿ ಕದಲದು. ಕೆರೆಗೆ ಒಂದು ಕೊಡ ನೀರು ಸುರಿದ ಹಾಗೆ. ಗ್ರಿಡ್ ದುರ್ಬಲವಾಗಿದ್ದರೆ ತಂಬಿಗೆಗೆ ಕೊಡ ಸುರಿದ ಹಾಗೆ: ವೋಲ್ಟೇಜ್ ತಟ್ಟನೆ ಏರುತ್ತದೆ, ಕನ್ವರ್ಟರ್ ಹಿಂದೆಗೆಯುತ್ತದೆ, ಮತ್ತೆ ಇಳಿಯುತ್ತದೆ, ಮತ್ತೆ ತಳ್ಳುತ್ತದೆ. ಅಳತೆಗೂ ಆಜ್ಞೆಗೂ ನಡುವಿನ ಕೆಲವು ಹತ್ತು ಮಿಲಿಸೆಕೆಂಡ್ ತಡ ಸೇರಿದರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತಾಗುತ್ತದೆ. ಹಾರ್ನ್‌ಸೀಯಲ್ಲಿ ಈ ತೂಗಾಟ ಸುಮಾರು 10 ಹರ್ಟ್ಸ್‌ನದು. ಅದು ಬೆಳೆದು, ಕರೆಂಟ್ ಮಿತಿ ಮೀರಿ, ಯಂತ್ರಗಳ ಓವರ್‌ಕರೆಂಟ್ ರಕ್ಷಣೆ ಅವನ್ನು ಕಳಚಿತು. ಯಂತ್ರದ ಮಟ್ಟದಲ್ಲಿ ಆ ರಕ್ಷಣೆ ಮಾಡಿದ್ದು ಸರಿಯಾದ ಕೆಲಸವೇ. ತಪ್ಪಿದ್ದು ವೋಲ್ಟೇಜ್ ನಿಯಂತ್ರಣದ ಹೊಂದಾಣಿಕೆಯಲ್ಲಿ, ಅದನ್ನು ಸಾಫ್ಟ್‌ವೇರ್ ಬದಲಿಸಿ ಸರಿಪಡಿಸಿದರು.

ನನ್ನನ್ನು ಹೆಚ್ಚು ಕಾಡುವ ವಿವರ ಬೇರೆ. ಸಿಡಿಲಿಗೆ ಸುಮಾರು ಹತ್ತು ನಿಮಿಷ ಮೊದಲು ವೋಲ್ಟೇಜಿನಲ್ಲಿ ಶೇ. 2ರ ಒಂದು ಸಣ್ಣ ಮೆಟ್ಟಿಲು ಬಂದಾಗಲೇ ಇದೇ ತೂಗಾಟ ತಲೆಹಾಕಿ ಅಡಗಿತ್ತು. ಸ್ಥಾವರ ಆಗ ಪೂರ್ತಿ ಕಟ್ಟಿ ಮುಗಿದಿರಲಿಲ್ಲ, ತಾತ್ಕಾಲಿಕ ಅನುಮತಿಯ ಮೇಲೆ ಓಡುತ್ತಿತ್ತು. ಅಧ್ಯಯನಗಳು ಸಾಮಾನ್ಯವಾಗಿ ನಡೆಯುವುದು ಕಟ್ಟಿ ಮುಗಿದ ಸ್ಥಾವರದ ಮೇಲೆ. ಅರ್ಧ ಕಟ್ಟಿದ ಸ್ಥಾವರಕ್ಕೆ ಬೇರೆಯೇ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ), ಬೇರೆಯೇ ಗೇನ್ (ನಿಯಂತ್ರಣ ಎಷ್ಟು ಜೋರಾಗಿ ತಳ್ಳುತ್ತದೆ ಎಂಬುದು).

---

ಕೇಬಲ್‌ಗಣಿತ ಉತ್ತರಿಸಿದ್ದು:

ಎರಡನೇ ಪ್ರಶ್ನೆಗೆ ನಾನು ಲೆಕ್ಕ ಹಾಕಿ ತೋರಿಸುತ್ತೇನೆ. ಕೇಬಲ್ ಅಂದರೆ ಉದ್ದನೆಯ ಕೆಪಾಸಿಟರ್. 220 ಕೆವಿ ಎಕ್ಸ್‌ಎಲ್‌ಪಿಇ (ಪ್ಲಾಸ್ಟಿಕ್ ಹೊದಿಕೆಯ) ಸಮುದ್ರ ಕೇಬಲ್‌ಗೆ ಕಿಲೋಮೀಟರಿಗೆ 0.19 ಮೈಕ್ರೋಫ್ಯಾರಡ್ ಹಿಡಿಯಿರಿ. 314 × 0.19 × 10⁻⁶ × (220000)² ಅಂದರೆ ಕಿಲೋಮೀಟರಿಗೆ ಸುಮಾರು 2.9 ಮೆಗಾವಾರ್ (ರಿಯಾಕ್ಟಿವ್ ಪವರ್‌ನ ಅಳತೆ). 100 ಕಿಲೋಮೀಟರಿಗೆ 290.

ಕೇಬಲ್ ತಾಳುವುದು, ನಿಜವಾದ ವಿದ್ಯುತ್ತೂ ರಿಯಾಕ್ಟಿವ್ ಪಾಲೂ ಸೇರಿ, 400 ಎಂವಿಎ ಅಂದುಕೊಳ್ಳಿ. ಈ 290 ಮೆಗಾವಾರ್ ಪೂರ್ತಿ ದಡದ ತುದಿಯಲ್ಲೇ ಹೊರಬಂದರೆ ಅಲ್ಲಿ ನಿಜವಾದ ವಿದ್ಯುತ್ತಿಗೆ ಉಳಿಯುವ ಜಾಗ √(400² − 290²), ಅಂದರೆ 275 ಮೆಗಾವ್ಯಾಟ್. ಎರಡೂ ತುದಿಯಲ್ಲಿ ಶಂಟ್ ರಿಯಾಕ್ಟರ್ (ಈ ಮೆಗಾವಾರನ್ನು ಹೀರುವ ಸುರುಳಿ) ಇಟ್ಟು 145–145 ಹಂಚಿದರೆ 373. ನಡುವೆಯೂ ಒಂದು ರಿಯಾಕ್ಟರ್ ಇಟ್ಟರೆ ಪ್ರತಿ ತುಂಡಿನ ತುದಿಯಲ್ಲಿ 72.5 ಮಾತ್ರ, ಆಗ 393. ದಡದಿಂದ 120 ಕಿಲೋಮೀಟರ್ ಆಚೆ ಇರುವ 1218 ಮೆಗಾವ್ಯಾಟ್‌ನ ಹಾರ್ನ್‌ಸೀ ಒನ್ ಎಸಿಯಲ್ಲೇ ನಿಭಾಯಿಸಿದ್ದು ಹೀಗೆ. ಮೂರು 220 ಕೆವಿ ಕೇಬಲ್‌ಗಳು, ದಾರಿಯ ನಡುವೆ ಸಮುದ್ರದಲ್ಲೇ ರಿಯಾಕ್ಟರ್ ಹೊತ್ತ ಪ್ರತ್ಯೇಕ ಕಟ್ಟೆ. ಆ ಬಗೆಯ ಕಟ್ಟೆ ಜಗತ್ತಿನಲ್ಲೇ ಮೊದಲು.

ಅದರಾಚೆ, ಅಥವಾ ಗಿಗಾವ್ಯಾಟ್‌ಗಟ್ಟಲೆ ಒಂದೇ ದಾರಿಯಲ್ಲಿ ತರಬೇಕಾದರೆ, ಡಿಸಿ. ಇಷ್ಟೇ ಕಿಲೋಮೀಟರ್ ಎಂಬ ಗೆರೆ ಇಲ್ಲ. 80ರಿಂದ 120ರ ನಡುವೆ ಎರಡೂ ಪೈಪೋಟಿ ಮಾಡುತ್ತವೆ. ಡಿಸಿಯಲ್ಲಿ ಕೇಬಲ್ ಅಗ್ಗ, ಎರಡು ತುದಿಯ ಕನ್ವರ್ಟರ್ ಸ್ಟೇಷನ್ ದುಬಾರಿ.

ಎಸಿ ಕೇಬಲ್‌ನಲ್ಲಿ ಎರಡು ಕಡೆ ಕೈ ಸುಟ್ಟುಕೊಳ್ಳುತ್ತಾರೆ. ಒಂದು, ರಿಯಾಕ್ಟರ್ ಜೊತೆಗೇ ಕೇಬಲ್ಲನ್ನು ಚಾರ್ಜ್ ಮಾಡುವಾಗ. ವೋಲ್ಟೇಜ್ ಸೊನ್ನೆ ದಾಟುವ ಗಳಿಗೆಯಲ್ಲಿ ಬ್ರೇಕರ್ ಮುಚ್ಚಿದರೆ ರಿಯಾಕ್ಟರ್ ಕರೆಂಟಿನಲ್ಲಿ ಪೂರ್ಣ ಡಿಸಿ ಆಫ್‌ಸೆಟ್ ಬರುತ್ತದೆ, ಅಂದರೆ ಇಡೀ ಅಲೆ ಸೊನ್ನೆಯಿಂದ ಒಂದು ಬದಿಗೆ ಸರಿಯುತ್ತದೆ. ಎಸಿ ಭಾಗವನ್ನು ಕೇಬಲ್‌ನ ಕೆಪಾಸಿಟಿವ್ ಕರೆಂಟ್ ಬಹುಪಾಲು ಹೊಡೆದುಹಾಕಿರುತ್ತದೆ, ಡಿಸಿ ಭಾಗ ಹಾಗೇ ಉಳಿಯುತ್ತದೆ. ಕಾಂಪೆನ್ಸೇಶನ್ (ಕೇಬಲ್‌ನ ಮೆಗಾವಾರ್‌ನಲ್ಲಿ ರಿಯಾಕ್ಟರ್ ಹೀರುವ ಪಾಲು) ಶೇ. 50 ಮೀರಿದ್ದರೆ ಬ್ರೇಕರ್ ಮೂಲಕ ಹರಿಯುವ ಮೊತ್ತ ಎಷ್ಟೋ ಸೈಕಲ್ ಸೊನ್ನೆಯನ್ನೇ ಮುಟ್ಟದು. ಬ್ರೇಕರ್ ಆರ್ಕ್ ಆರಿಸುವುದು ಕರೆಂಟ್ ಸೊನ್ನೆ ಮುಟ್ಟಿದಾಗಲೇ. ಆ ಹೊತ್ತಿನಲ್ಲಿ ಫಾಲ್ಟ್ ಇದೆಯೆಂದು ಟ್ರಿಪ್ ಆಜ್ಞೆ ಬಂದರೆ, ಸರಿಯಿರುವ ಫೇಸ್‌ಗಳ ಆರ್ಕ್ ಆರದೆ ಬ್ರೇಕರ್ ಸಿಡಿಯಬಹುದು. ಪರಿಹಾರ: ವೋಲ್ಟೇಜ್ ತುದಿಯಲ್ಲಿರುವಾಗ ಒಂದೊಂದೇ ಫೇಸ್ ಮುಚ್ಚುವ ನಿಯಂತ್ರಿತ ಸ್ವಿಚಿಂಗ್, ಅಥವಾ ರಿಯಾಕ್ಟರನ್ನು ಆಮೇಲೆ ಸೇರಿಸುವುದು. ತುದಿಯಲ್ಲಿ ಮುಚ್ಚಿದರೆ ಸ್ವಿಚಿಂಗ್ ಓವರ್‌ವೋಲ್ಟೇಜ್ ಹೆಚ್ಚು, ಅದನ್ನೂ ಜೊತೆಗೇ ಪರಿಶೀಲಿಸಬೇಕು.

ಎರಡನೆಯದು ಅನುರಣನ. ಕೇಬಲ್ ಕೆಪಾಸಿಟೆನ್ಸ್ ಗ್ರಿಡ್‌ನ ಇಂಡಕ್ಟೆನ್ಸ್ ಜೊತೆ ಸೇರಿ ಕಡಿಮೆ ಹಾರ್ಮೋನಿಕ್‌ನಲ್ಲಿ (50 ಹರ್ಟ್ಸ್‌ನ ಸಣ್ಣ ಗುಣಕದಲ್ಲಿ) ಮಿಡಿಯುತ್ತದೆ. ಒರಟು ಸೂತ್ರ √(ಆ ಬಸ್‌ನ ಫಾಲ್ಟ್ ಎಂವಿಎ ÷ ಕೇಬಲ್ ಮೆಗಾವಾರ್). ಫಾಲ್ಟ್ ಎಂವಿಎ ಅಥವಾ ಫಾಲ್ಟ್ ಮಟ್ಟ ಅಂದರೆ ಅಲ್ಲಿ ಶಾರ್ಟ್ ಆದರೆ ಗ್ರಿಡ್ ಎಷ್ಟು ಸುರಿಯಬಲ್ಲದು ಎಂಬ ಬಲದ ಅಳತೆ. 40 ಕಿಲೋಮೀಟರಿನ ಎರಡು ಕೇಬಲ್‌ಗೆ 232 ಮೆಗಾವಾರ್. 220 ಕೆವಿ ಬಸ್‌ನಲ್ಲಿ ಫಾಲ್ಟ್ ಮಟ್ಟ 2460 ಎಂವಿಎ ಇದ್ದರೆ 3.3ನೇ ಹಾರ್ಮೋನಿಕ್. ಗ್ರಿಡ್ ಸೊರಗಿ 1740ಕ್ಕೆ ಇಳಿದರೆ 2.7. ದೊಡ್ಡ ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡುವಾಗ ಒಮ್ಮೆಗೇ ನುಗ್ಗುವ ಇನ್‌ರಷ್ ಕರೆಂಟಿನಲ್ಲಿ ಎರಡನೇ, ಮೂರನೇ ಹಾರ್ಮೋನಿಕ್ ಧಾರಾಳ. ಅದು ಇಲ್ಲಿ ಸಿಕ್ಕಿಕೊಂಡರೆ ಸೆಕೆಂಡುಗಟ್ಟಲೆ ಇಳಿಯದ ಓವರ್‌ವೋಲ್ಟೇಜ್, ಅದನ್ನು ತಡೆಯಲು ಇಟ್ಟ ಸರ್ಜ್ ಅರೆಸ್ಟರ್ ಬೇಯುತ್ತದೆ.

---

ತೆಂಕಣಗಾಳಿ:

ಇಬ್ಬರಿಗೂ ಧನ್ಯವಾದ. ಹಾಗಾದರೆ ಡಿಸಿ ಹಾಕಿದರೆ ಗ್ರಿಡ್‌ನ ಫಾಲ್ಟ್ ಗಾಳಿಯಂತ್ರಗಳಿಗೆ ಕಾಣುವುದೇ ಇಲ್ಲ. ಈ ತೂಗಾಟದ ಕಾಟವೂ ತಪ್ಪುತ್ತದಲ್ಲವೇ?

---

ವಾಲ್ವ್‌ಹಾಲ್ ಉತ್ತರಿಸಿದ್ದು:

ಫಾಲ್ಟ್ ಕಾಣುವುದಿಲ್ಲ ಎಂಬುದೇ ಅಲ್ಲಿ ತೊಂದರೆ ಸರ್. ದಡದ ಎಸಿ ವೋಲ್ಟೇಜ್ ಬಿದ್ದ ಕ್ಷಣ ದಡದ ಕನ್ವರ್ಟರ್ ವಿದ್ಯುತ್ತನ್ನು ಹೊರಹಾಕಲಾರದು. ಕಡಲ ಗಾಳಿಯಂತ್ರಗಳು ಏನೂ ತಿಳಿಯದೆ ಪೂರ್ತಿ ಸುರಿಯುತ್ತಲೇ ಇರುತ್ತವೆ. 1000 ಮೆಗಾವ್ಯಾಟ್ ಕೊಂಡಿಯ ಒಂದು ಕನ್ವರ್ಟರಿನ ಕೆಪಾಸಿಟರ್‌ಗಳು ಹಿಡಿದಿಟ್ಟ ಶಕ್ತಿ, ಎಂವಿಎಗೆ 35 ಕಿಲೋಜೂಲ್ ಹಿಡಿದರೆ, 35 ಮೆಗಾಜೂಲ್. 10 ಮಿಲಿಸೆಕೆಂಡಿನಲ್ಲಿ ಒಳಬರುವುದು 10 ಮೆಗಾಜೂಲ್. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅರ್ಧ ಸೈಕಲ್ಲಿನಲ್ಲಿ ಡಿಸಿ ವೋಲ್ಟೇಜ್ ಸುಮಾರು ಶೇ. 13 ಮೇಲೆ. ಆಚೆ ತುದಿಯ ಕೆಪಾಸಿಟರ್ ಸ್ವಲ್ಪ ಹಂಚಿಕೊಂಡರೂ ಸಿಗುವ ಸಮಯ ಅಷ್ಟೇ. ಅದಕ್ಕೇ ದಡದಲ್ಲಿ ಡಿಸಿ ಚಾಪರ್ ಇಡುತ್ತಾರೆ: ದೊಡ್ಡ ರೆಸಿಸ್ಟರ್ ಕಟ್ಟು, ಪೂರ್ಣ ಸಾಮರ್ಥ್ಯವನ್ನು ಒಂದೆರಡು ಸೆಕೆಂಡ್ ಶಾಖವಾಗಿ ಸುಡಬಲ್ಲದು. ಟೆಂಡರಿನಲ್ಲಿ ನೋಡಬೇಕಾದದ್ದು ಸತತ ಎಷ್ಟು ಫಾಲ್ಟ್ ತಾಳುತ್ತದೆ, ತಣಿಯಲು ಎಷ್ಟು ಹೊತ್ತು ಬೇಕು ಎಂಬುದನ್ನು. ಸಿಡಿಲು ಬಡಿದು ಕಳಚಿದ ಲೈನ್ ಆಟೋ-ರಿಕ್ಲೋಸ್ ಆಗಿ (ತಾನಾಗಿ ಮರುಜೋಡಣೆಗೊಂಡು) ಮತ್ತೆ ಅದೇ ಫಾಲ್ಟ್ ಮೇಲೆ ಮುಚ್ಚಿದರೆ ಚಾಪರ್ ಎರಡನೇ ಸಲ ತಕ್ಷಣ ದುಡಿಯಬೇಕಾಗುತ್ತದೆ.

ತೂಗಾಟವೂ ತಪ್ಪದು, ಕಡಲ ಕಡೆಗೆ ವಾಸ ಬದಲಿಸುತ್ತದೆ. ಡಿಸಿ ಕೊಂಡಿಯ ಆಚೆಗಿನ ಕಡಲ ಜಾಲದಲ್ಲಿ ತಿರುಗುವ ಜನರೇಟರ್ ಒಂದೂ ನೇರವಾಗಿ ಸೇರಿರುವುದಿಲ್ಲ. ಕಡಲ ಕನ್ವರ್ಟರೇ 50 ಹರ್ಟ್ಸ್ ಅಲೆಯನ್ನು ಕಟ್ಟಿಕೊಡುತ್ತದೆ, ನೂರು ಗಾಳಿಯಂತ್ರಗಳು ಅದನ್ನು ಹಿಂಬಾಲಿಸುತ್ತವೆ. ಜರ್ಮನಿಯ ಬೋರ್‌ವಿನ್1 ಕಡಲ ಗಾಳಿಗಾಗಿ ಹಾಕಿದ ಮೊದಲ ಎಚ್‌ವಿಡಿಸಿ (ಹೈ ವೋಲ್ಟೇಜ್ ಡಿಸಿ) ಕೊಂಡಿ. ±150 ಕೆವಿ, 400 ಮೆಗಾವ್ಯಾಟ್, ಸಮುದ್ರದಲ್ಲಿ 125 ಮತ್ತು ನೆಲದಲ್ಲಿ 75 ಕಿಲೋಮೀಟರ್ ಕೇಬಲ್. ಅದಕ್ಕೆ ಸೇರಿದ್ದ, ತಲಾ 5 ಮೆಗಾವ್ಯಾಟ್‌ನ 80 ಯಂತ್ರಗಳ ಗಾಳಿ ಸ್ಥಾವರ 2014ರಲ್ಲಿ ಹಾರ್ಮೋನಿಕ್ ಸಮಸ್ಯೆಯಿಂದ ದೀರ್ಘಕಾಲ ನಿಂತಿತ್ತು. ಕನ್ವರ್ಟರ್ ಒಬ್ಬರದು, ಗಾಳಿಯಂತ್ರ ಮತ್ತೊಬ್ಬರದು. ತಮ್ಮ ಕಂಟ್ರೋಲ್ ಕೋಡನ್ನು ಯಾರೂ ಬಿಚ್ಚಿ ತೋರಿಸುವುದಿಲ್ಲ. ಹಾಗಾಗಿ ಒಳಗೆ ಮುಚ್ಚಿದ್ದರೂ ನಿಜವಾದ ಕೋಡನ್ನೇ ಹೊತ್ತ ಇಎಂಟಿ ಮಾದರಿಯನ್ನು (ಅಲೆಯನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ) ಇಬ್ಬರಿಂದಲೂ ಕರಾರಿನಲ್ಲೇ ಬರೆಸಿಕೊಳ್ಳಬೇಕು. ಆಮೇಲೆ ಕೇಳಿದರೆ ಸಿಗದು.

ಇನ್ನೊಂದು, ಒಂದೇ ಏಟಿಗೆ ಎಷ್ಟು ಹೋಗಬಹುದು ಎಂಬ ಲೆಕ್ಕ. ಸಿಮೆಟ್ರಿಕಲ್ ಮೊನೊಪೋಲ್‌ನಲ್ಲಿ (ಪ್ಲಸ್, ಮೈನಸ್ ಎರಡು ಕೇಬಲ್ ಸೇರಿ ಒಂದೇ ಸರ್ಕ್ಯೂಟ್) ಒಂದು ಕೇಬಲ್ ಕೆಟ್ಟರೂ ಪೂರ್ತಿ ಕೊಂಡಿ ಹೋಯಿತು. ಡಚ್-ಜರ್ಮನ್ ಗ್ರಿಡ್ ಕಂಪನಿ ಟೆನ್ನೆಟ್ ಈಗ ಹಾಕುತ್ತಿರುವ 2 ಗಿಗಾವ್ಯಾಟ್‌ನವು ±525 ಕೆವಿ ಬೈಪೋಲ್ (ಬೇರೆ ಬೇರೆಯಾಗಿ ಓಡಬಲ್ಲ ಎರಡು ಪೋಲ್), ಜೊತೆಗೊಂದು ಲೋಹದ ವಾಪಸಾತಿ ಕೇಬಲ್. ಒಂದು ಪೋಲ್ ಹೋದರೆ ಇನ್ನೊಂದರಲ್ಲಿ 1 ಗಿಗಾವ್ಯಾಟ್ ಉಳಿಯುತ್ತದೆ.

---

ರೇಸ್‌ಕೋರ್ಸ್_ರಸ್ತೆ ಉತ್ತರಿಸಿದ್ದು:

ತಮಿಳುನಾಡಿನ ಬಗ್ಗೆ. 2024ರ ಜೂನ್‌ನಲ್ಲಿ ಸಂಪುಟ ಒಪ್ಪಿದ ₹7,453 ಕೋಟಿ ನೆರವು ಒಟ್ಟು 1 ಗಿಗಾವ್ಯಾಟ್‌ಗೆ, ಗುಜರಾತಿಗೆ 500, ತಮಿಳುನಾಡಿಗೆ 500. ಅದರಲ್ಲಿ ₹600 ಕೋಟಿ ಬಂದರುಗಳಿಗೆ. ಕಡಲ ಸಬ್‌ಸ್ಟೇಷನ್ ಮತ್ತು ದಡದವರೆಗಿನ ಸಾಗಣೆ ಕೇಂದ್ರದ ಸಾಗಣೆ ಕಂಪನಿ ಪವರ್‌ಗ್ರಿಡ್‌ನದು.

ಬ್ರಿಟನ್ನಿನ ಜಡತ್ವದ ಭಯವನ್ನು ಇಲ್ಲಿಗೆ ಹಾಗೇ ಹೊತ್ತು ತರಬೇಡಿ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಸೇರಿದ ಮೇಲೆ ದೇಶವೆಲ್ಲ ಒಂದೇ ಫ್ರೀಕ್ವೆನ್ಸಿ. 2024ರ ಮೇ 30ರಂದು ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿತ್ತು. ಅದರ ಮುಂದೆ 500 ಮೆಗಾವ್ಯಾಟ್ ಹೋದರೆ ಫ್ರೀಕ್ವೆನ್ಸಿ ಹೆಚ್ಚೇನೂ ಅಲುಗದು. ಚಿಂತೆ ಸ್ಥಳೀಯ ವೋಲ್ಟೇಜಿನದು. ರಾಜಸ್ಥಾನದ ಸೌರ ವಲಯದಲ್ಲಿ 2022ರಿಂದ ಈಚೆಗೆ ಒಂದೇ ಏಟಿಗೆ 1000 ಮೆಗಾವ್ಯಾಟ್‌ಗೂ ಹೆಚ್ಚು ಹೋದದ್ದು ಎಷ್ಟೋ ಸಲ. ಹಲವು ಸಲ ಫಾಲ್ಟ್ ತೆರವಾದ ಮೇಲೆ ವೋಲ್ಟೇಜ್ ಉಕ್ಕಿದ್ದರಿಂದ.

ತಿರುನೆಲ್ವೇಲಿ–ತೂತ್ತುಕುಡಿ ಭಾಗದ ಗ್ರಿಡ್‌ಗೆ ಮೂರು ವಿಶೇಷಗಳಿವೆ. ನೆಲದ ಮೇಲಿನ ಹಳೆಯ ಇಂಡಕ್ಷನ್ ಗಾಳಿಯಂತ್ರಗಳು ರಾಶಿ ಇವೆ. ಎಲ್‌ವಿಆರ್‌ಟಿ ಕಡ್ಡಾಯವಾದದ್ದು 2014ರ ಏಪ್ರಿಲ್ 15ರ ನಂತರ ಸೇರಿದವಕ್ಕೆ. ಫಾಲ್ಟ್ ಹೋದ ಮೇಲೆ ಹಳೆಯವು ರಿಯಾಕ್ಟಿವ್ ಪವರ್ ಹೀರಿ ವೋಲ್ಟೇಜ್ ಏಳದಂತೆ ಎಳೆಯುತ್ತವೆ, ಇಲ್ಲವೇ ಕಳಚಿಕೊಂಡು ವೋಲ್ಟೇಜನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಎರಡನೆಯದು ಕೂಡಂಕುಳಂ. 1000 ಮೆಗಾವ್ಯಾಟ್‌ನ ಎರಡು ಘಟಕಗಳು ಓಡುವಾಗ ಸುತ್ತಲಿನ ಫಾಲ್ಟ್ ಮಟ್ಟ ಎತ್ತಿ ಹಿಡಿಯುತ್ತವೆ, ಇಂಧನ ಬದಲಿಸಲು ನಿಲ್ಲಿಸಿದಾಗ ಆ ಆಸರೆ ಇಲ್ಲ. ಹಾಗಾಗಿ ಅಧ್ಯಯನಕ್ಕೆ ಹಿಡಿಯಬೇಕಾದದ್ದು ಒಂದು ಘಟಕ ನಿಂತು, ಒಂದು 400 ಕೆವಿ ಲೈನ್ ದುರಸ್ತಿಯಲ್ಲಿರುವ ದಿನ. ಮೂರನೆಯದು ಮುಂಗಾರು. ಮೇ–ಸೆಪ್ಟೆಂಬರ್‌ನಲ್ಲಿ ಅರಲ್ವಾಯ್‌ಮೊಳಿ ಕಣಿವೆಯ ಗಾಳಿ ಉಕ್ಕುವಾಗ ಕಡಲ ಗಾಳಿಯೂ ಜೋರು. ಉತ್ತರ ದಿಕ್ಕಿಗೆ ಹೋಗುವ ಒಂದೇ ಸಾಗಣೆ ದಾರಿಗೆ ಇಬ್ಬರೂ ಮುಗಿಬೀಳುತ್ತಾರೆ. ಆಗ ಕಡಿತ ಯಾರಿಗೆ, ಯಾವ ಅನುಪಾತದಲ್ಲಿ ಎಂಬುದನ್ನು ಸಂಪರ್ಕ ಕೊಡುವಾಗಲೇ ಬರೆದಿಡಬೇಕು.

ಬಲದ ಲೆಕ್ಕಕ್ಕೆ ಒಂದು ಉದಾಹರಣೆ. 400 ಕೆವಿ ಬಸ್‌ನಲ್ಲಿ ಫಾಲ್ಟ್ ಮಟ್ಟ 6000 ಎಂವಿಎ ಇದ್ದರೆ 500 ಮೆಗಾವ್ಯಾಟ್‌ಗೆ ಅನುಪಾತ 12. ಬಲವಾಗಿದೆ ಎಂದು ಎಲ್ಲರೂ ಸಹಿ ಹಾಕುತ್ತಾರೆ. ಗಾಳಿಯಂತ್ರಕ್ಕೆ ಕಾಣುವುದು ಅದಲ್ಲ. 500 ಎಂವಿಎಯನ್ನು ಒಂದು ಎಂದು ಹಿಡಿದರೆ ದಾರಿಯಲ್ಲಿನ ಇಂಪೀಡೆನ್ಸ್ ಹೀಗಿದೆ: ಗ್ರಿಡ್ 0.083, ದಡದ ಟ್ರಾನ್ಸ್‌ಫಾರ್ಮರ್‌ಗಳು 0.12, 40 ಕಿಲೋಮೀಟರಿನ ಎರಡು ಕೇಬಲ್ 0.025, ಕಡಲ ಟ್ರಾನ್ಸ್‌ಫಾರ್ಮರ್‌ಗಳು 0.14. ಕೂಡಿದರೆ 0.368, ಅಂದರೆ ಕಡಲಿನ 66 ಕೆವಿ ಬಸ್‌ನಲ್ಲಿ ಅನುಪಾತ 1 ÷ 0.368 = 2.7. ಒಂದು ಕೇಬಲ್ ಸರಣಿ ಹೊರಗಿದ್ದು ಉಳಿದದ್ದರಲ್ಲಿ 400 ಮೆಗಾವ್ಯಾಟ್ ಕಳಿಸುತ್ತಿದ್ದರೆ 1.9. ಸಾಮಾನ್ಯ ಕನ್ವರ್ಟರ್ ನಿಯಂತ್ರಣ 3ರ ಕೆಳಗೆ ಎಚ್ಚರ ಬೇಡುತ್ತದೆ, 2ರ ಕೆಳಗೆ ವಿಶೇಷ ಟ್ಯೂನಿಂಗ್ ಇಲ್ಲದೆ ಬಿಡಲೇಬಾರದು. ದಡದ 400 ಕೆವಿ ಬಸ್‌ನಲ್ಲಿ ಸಿಂಕ್ರೋನಸ್ ಕಂಡೆನ್ಸರ್ (ವಿದ್ಯುತ್ ಉತ್ಪಾದಿಸದೆ ಬರೀ ತಿರುಗುತ್ತಾ ಗ್ರಿಡ್‌ಗೆ ಬಲ ಕೊಡುವ ಯಂತ್ರ) ಇಟ್ಟರೆ ಕಡಿಮೆಯಾಗುವುದು ಆ 0.083 ಒಂದೇ, ಟ್ರಾನ್ಸ್‌ಫಾರ್ಮರ್‌ನ ಪಾಲು ಹಾಗೇ ಇರುತ್ತದೆ. ಹಣ ಹಾಕುವ ಮುಂಚೆ ಇದನ್ನು ಕೂಡಿ ನೋಡಿ.

---

ತೆಂಕಣಗಾಳಿ:

ಕೊನೆಯದಾಗಿ: ಗ್ರಿಡ್‌ಗೆ ಸೇರಿಸುವ ಮೊದಲು ಮತ್ತು ಸೇರಿಸುವಾಗ ಯಾವ ಪರೀಕ್ಷೆಗಳನ್ನು ಕಡ್ಡಾಯ ಕೇಳಬೇಕು?

---

ರಿಲೇಕೋಣೆ:

ಸೇರಿಸುವ ಮೊದಲು, ಸ್ಥಾವರ ಬೆಳೆಯುವ ಪ್ರತಿ ಹಂತಕ್ಕೂ ಬೇರೆ ಬೇರೆ ಇಎಂಟಿ ಓಟ: ಕಾಲು ಭಾಗ ಯಂತ್ರ, ಅರ್ಧ, ಪೂರ್ತಿ, ಪ್ರತಿಯೊಂದರಲ್ಲೂ ಒಂದು ಕೇಬಲ್ ಹೊರಗೆ, ಫಾಲ್ಟ್ ಮಟ್ಟ ಕನಿಷ್ಠ. ಒಂದೊಂದು ಸ್ಥಿತಿಯಲ್ಲೂ ಇಂಪೀಡೆನ್ಸ್ ಸ್ಕ್ಯಾನ್ (ಪ್ರತಿ ಫ್ರೀಕ್ವೆನ್ಸಿಯಲ್ಲಿ ಇಂಪೀಡೆನ್ಸ್ ಅಳೆಯುವುದು), 1ರಿಂದ 2500 ಹರ್ಟ್ಸ್ ತನಕ. ಅಲೆಯ ಸರಾಸರಿ ಗಾತ್ರವನ್ನಷ್ಟೇ ನೋಡುವ ಆರ್‌ಎಂಎಸ್ ಮಾದರಿಯೊಂದನ್ನೇ ನಂಬಿದರೆ ವೇಗದ ನಿಯಂತ್ರಣದ ತೂಗಾಟ ತಪ್ಪಿಸಿಕೊಳ್ಳುತ್ತದೆ.

ಸೇರಿಸುವಾಗ, ಉತ್ಪಾದನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಲು ಮಾತ್ರ ಅನುಮತಿ. ಪ್ರತಿ ಮೆಟ್ಟಿಲಲ್ಲಿ ವೋಲ್ಟೇಜ್ ರೆಫರೆನ್ಸ್‌ಗೆ ಶೇ. 2ರ ಏರಿಳಿತ ಕೊಟ್ಟು ರಿಯಾಕ್ಟಿವ್ ಪವರ್ ಹೇಗೆ ನೆಲೆಗೊಳ್ಳುತ್ತದೆ ನೋಡಬೇಕು. ತೂಗಾಟ ಎರಡು-ಮೂರು ಸುತ್ತಿನಲ್ಲಿ ಅಡಗದಿದ್ದರೆ ಮುಂದಿನ ಮೆಟ್ಟಿಲಿಗೆ ಬಿಡಬಾರದು, ಹಗಲೆಷ್ಟು ಹೋಗಲಿ. ಸಾಫ್ಟ್‌ವೇರ್ ಆವೃತ್ತಿ ಬದಲಾದರೆ ಮತ್ತೆ ಮೊದಲಿನಿಂದ. ಆವೃತ್ತಿ ಸಂಖ್ಯೆಯನ್ನೂ ಬದಲಿಸಿದ ಪ್ಯಾರಾಮೀಟರನ್ನೂ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ಬರೆದು ಕೊಡಬೇಕು.

ವಾಲ್ವ್‌ಹಾಲ್ ಅವರ ಕರಾರಿನ ಮಾತಿಗೆ ಸೇರಿಸುವುದಾದರೆ, ದಾಖಲೆ ಯಂತ್ರವನ್ನೂ ಕರಾರಿನಲ್ಲೇ ಬರೆಸಿ. ನಿಯಂತ್ರಣ ಕೊಠಡಿಗೆ ಅಳತೆ ತರುವ ಸ್ಕಾಡಾ ವ್ಯವಸ್ಥೆ ಕೆಲವು ಸೆಕೆಂಡಿಗೊಮ್ಮೆ ಓದುತ್ತದೆ, 10 ಹರ್ಟ್ಸ್ ತೂಗಾಟ ಅದರಲ್ಲಿ ಒಂದು ಚುಕ್ಕೆಯೂ ಅಲ್ಲ. ನಮ್ಮ ಜಾಲದ ಪಿಎಂಯುಗಳು (ವೋಲ್ಟೇಜಿನ ಗಾತ್ರ ಮತ್ತು ಕೋನ ಅಳೆಯುವ ಸಾಧನಗಳು) ಸೆಕೆಂಡಿಗೆ 25 ಓದು ಕಳಿಸುತ್ತವೆ. ಆ ವೇಗದಲ್ಲಿ 12.5 ಹರ್ಟ್ಸ್ ಮೇಲಿನದು ಸುಳ್ಳು ರೂಪದಲ್ಲಿ ಕಾಣುತ್ತದೆ, 10 ಹರ್ಟ್ಸ್ ಗಡಿಯಲ್ಲಿದೆ. 66 ಕೆವಿ ಕಡಲ ಬಸ್, 220 ಕೆವಿಯ ಎರಡೂ ತುದಿ, 400 ಕೆವಿ ಬಸ್, ಈ ನಾಲ್ಕೂ ಕಡೆ ಅಲೆಯನ್ನೇ ಬಿಡದೆ ದಾಖಲಿಸುವ ರೆಕಾರ್ಡರ್ ಬೇಕು, ಜಿಪಿಎಸ್ ಗಡಿಯಾರಕ್ಕೆ ಕಟ್ಟಿದ್ದು, ಸೆಕೆಂಡಿಗೆ ಕೆಲವು ಸಾವಿರ ಓದು. ಟ್ರಿಪ್ ಆದಾಗ ಮಾತ್ರ ಬರೆದುಕೊಳ್ಳುವ ರೆಕಾರ್ಡರ್ ಸಾಲದು: ಹತ್ತು ನಿಮಿಷ ಮೊದಲು ತಲೆಹಾಕಿ ಅಡಗುವ ತೂಗಾಟ ಯಾವ ರಿಲೇಯನ್ನೂ ಎಬ್ಬಿಸುವುದಿಲ್ಲ.